ಚಿರು ತಿರುಗಿ ನೋಡದ ವರ್ಷ

ಹೋದ ತಿಂಗಳು ಮದ್ದೂರಿನಲ್ಲಿ ಒಂದು ಮದುವೆಯ ಊಟ ಮುಗಿಸಿ ಬಸ್‌ ಸ್ಟ್ಯಾಂಡಿನ ಕಡೆ ನಡೆದು ಬರುತ್ತಿದ್ದೆ. ಪೇಟೆಯ ಒಂದು ಗಲ್ಲಿಯ ಬಾಯಲ್ಲಿ ಸ್ಪಿರಿಟ್ಟಿನ ವಾಸನೆ ಹೊಡೆಯಿತು. ಆಸ್ಪತ್ರೆಯ ಸ್ಪಿರಿಟ್ಟಲ್ಲ. ಸಣ್ಣ ಯಂತ್ರಗಳನ್ನು ಬಿಚ್ಚಿ ಒರೆಸುವವರ ಅಂಗಡಿಯಲ್ಲಿ ಎಣ್ಣೆಯ ಜೊತೆ ಸೇರಿ ಬರುತ್ತದಲ್ಲ, ಅದು. ಈಗ ಅಲ್ಲಿ ಮೊಬೈಲ್ ರಿಪೇರಿ ನಡೆಯುತ್ತದೆ. ಎಂಟು ವರ್ಷದ ಹಿಂದೆ ಅದು ರಿಯಾಜ್ ಸಾಹೇಬರ ಕ್ಯಾಮೆರಾ ರಿಪೇರಿ ಅಂಗಡಿಯಾಗಿತ್ತು. ನಮ್ಮ ಮನೆಯ ಚಿಕ್ಕ ಮಗುವಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ನನ್ನ ತಲೆಗೆ ಹೋದದ್ದು ಆ ಅಂಗಡಿಯ ಸ್ಟೂಲಿನ ಮೇಲೆ. ಅದಕ್ಕೆ ಮೊದಲು ಸುಮಾರು ಒಂದು ವರ್ಷ ಆ ಮಗುವನ್ನು ಬೇರೆಲ್ಲರಿಗಿಂತ ಹೆಚ್ಚು ಹೊತ್ತು ಕಣ್ಣಿಟ್ಟು ನೋಡಿದವಳು ನಾನು. ಗೊತ್ತಾಗದೆ ಉಳಿದವಳೂ ನಾನೇ.

ಆಗ ನಾನು ಮಳವಳ್ಳಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ವಾಸ ಮಂಡ್ಯದ ಗುತ್ತಲಿನಲ್ಲಿ, ತಮ್ಮ ಮಹದೇವನ ಮನೆಯಲ್ಲಿ. ಮದುವೆಯಾಗಿರಲಿಲ್ಲ, ಆಮೇಲೂ ಆಗಲಿಲ್ಲ. ಅದರ ಕತೆ ಇಲ್ಲಿ ಬೇಡ. ಮನೆಯಲ್ಲಿ ನಮ್ಮ ಅವ್ವ, ಬಸರಾಳಿನಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರಾಗಿದ್ದ ಮಹದೇವ, ಅವನ ಹೆಂಡತಿ ಸವಿತಾ, ಇಬ್ಬರು ಮಕ್ಕಳು. ದೊಡ್ಡವಳು ಸ್ಫೂರ್ತಿ, ಆರು ವರ್ಷ. ಚಿಕ್ಕವನು ಚಿರಂತ್, ಎಲ್ಲರ ಬಾಯಲ್ಲಿ ಚಿರು, ಈ ಕತೆ ಶುರುವಾದ ಜೂನ್‌ನಲ್ಲಿ ಅವನಿಗೆ ಎರಡು ವರ್ಷ ತುಂಬಲು ಮೂರು ತಿಂಗಳಿತ್ತು. ದಿನಾ ಬೆಳಿಗ್ಗೆ ಏಳೂವರೆಗೆ ಹೊರಟು ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಳವಳ್ಳಿಗೆ ಹೋಗುತ್ತಿದ್ದೆ. ಹಾಗೆ ಬಸ್ಸು ಬದಲಾಯಿಸುವ ಬಿಡುವಿನಲ್ಲೇ ರಿಯಾಜ್ ಸಾಹೇಬರ ಅಂಗಡಿ ಕಣ್ಣಿಗೆ ಬಿದ್ದದ್ದು. ಗಾಜಿನ ಕಪಾಟಿನಲ್ಲಿ ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಕೂತಿತ್ತು, ದೊಡ್ಡ ಲೆನ್ಸಿನದು. ಕೊಂಡುಕೊಂಡೆ. ಯಾಕೆ ಅಂತ ಅವ್ವ ಕೇಳಿದಳು. ಸುಮ್ಮನೆ ಅಂದೆ.

ಸುಮ್ಮನೆ ಅಲ್ಲ. ನಮ್ಮ ಮನೆಯಲ್ಲಿ ಮಕ್ಕಳ ಫೋಟೋ ಎಂದರೆ ಒಂದು ಶಿಕ್ಷೆಯಿತ್ತು. ಮುಖಕ್ಕೆ ಪೌಡರು, ಕೆನ್ನೆಗೆ ದೃಷ್ಟಿಬೊಟ್ಟು, ಹೊಸ ಬಟ್ಟೆಯ ಗಂಜಿ ಬಿಡದ ಕಾಲರು, ಆಮೇಲೆ ನಾಲ್ಕು ಜನ ಸೇರಿ ಚಪ್ಪಾಳೆ ತಟ್ಟಿ 'ಇಲ್ನೋಡು, ಇಲ್ನೋಡು' ಎಂದು ಅರಚುವುದು. ಮಗು ಕಂಬದ ಹಾಗೆ ನಿಂತು ಬಿಟ್ಟ ಕಣ್ಣು ಬಿಟ್ಟ ಹಾಗೆ ನೋಡುತ್ತದೆ. ಅಂಥ ಫೋಟೋಗಳಲ್ಲಿ ನನ್ನದೂ ಇದೆ. ಕಚೇರಿಯಲ್ಲೂ ಅದನ್ನೇ ನೋಡುತ್ತಿದ್ದೆ: ಬಾಗಿಲಲ್ಲಿ ನಿಂತಾಗ ಒಂದು ಮುಖವಿದ್ದ ಮನುಷ್ಯ ನನ್ನ ಮೇಜಿನ ಹತ್ತಿರ ಬರುವಷ್ಟರಲ್ಲಿ ಇನ್ನೊಂದು ಮುಖ ಹಾಕಿಕೊಂಡಿರುತ್ತಾನೆ. ಯಾರೂ ತಮ್ಮನ್ನು ನೋಡುತ್ತಿಲ್ಲ ಎಂದುಕೊಂಡಾಗ ಇರುವ ಮುಖ ನನಗೆ ಬೇಕಿತ್ತು. ದೊಡ್ಡವರಲ್ಲಿ ಅದು ಸಿಗುವುದು ಕಷ್ಟ, ಮಕ್ಕಳಲ್ಲಿ ಸಿಗಬಹುದು ಎಂದುಕೊಂಡೆ. ನೋಡುವುದು ನನಗೆ ಇಷ್ಟ, ನೋಡಿಸಿಕೊಳ್ಳುವುದು ಇಷ್ಟವಿಲ್ಲ. ಆ ಸ್ವಭಾವಕ್ಕೆ ಕ್ಯಾಮೆರಾ ಸರಿಯಾಗಿ ಒದಗಿತು.

ಆ ವರ್ಷ ಮಳೆ ಸುಮಾರಾಗಿ ಬಂತು. ಭಾನುವಾರಗಳಲ್ಲಿ ಹಿತ್ತಿಲಿನ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದೆ. ಸ್ಫೂರ್ತಿಯದು ಸಿಗುತ್ತಲೇ ಇರಲಿಲ್ಲ. ಮೊದಲನೇ 'ಖಟಕ್'ಗೇ ಅವಳ ತಲೆ ತಿರುಗುತ್ತಿತ್ತು, ತಿರುಗಿದ ಕೂಡಲೇ ಹಲ್ಲು ಬಿಟ್ಟು ನಗು. ನನ್ನ ಬಳಿ ಅವಳ ಇನ್ನೂರು ಫೋಟೋ ಇದ್ದರೆ ನೂರ ತೊಂಬತ್ತರಲ್ಲಿ ಅವಳು ನನಗೆ ಹಲ್ಲು ತೋರಿಸುತ್ತಿದ್ದಾಳೆ. ಚಿರು ಹಾಗಲ್ಲ. ಅವನು ಗೋಡೆಯ ಮೇಲೆ ಹೋಗುವ ಇರುವೆ ಸಾಲನ್ನು ನೋಡುತ್ತ ಕೂತರೆ ಕೂತ. ನಾನು ಎರಡಡಿ ದೂರಕ್ಕೆ ಹೋಗಿ, ಪಕ್ಕದಿಂದ, ಬೆನ್ನ ಹಿಂದಿನಿಂದ, ಒಂದರ ಮೇಲೊಂದು ಹತ್ತು ಹದಿನೈದು ತೆಗೆದರೂ ಅವನ ರೆಪ್ಪೆ ಅಲ್ಲಾಡುತ್ತಿರಲಿಲ್ಲ. ಅವ್ವ ಅಲಸಂದೆಕಾಯಿ ಬಿಡಿಸುವಾಗ ಸಿಪ್ಪೆಯನ್ನು ಒಂದೊಂದಾಗಿ ಎತ್ತಿ ಬಿಸಿಲಿಗೆ ಹಿಡಿದು ನೋಡುವವನು, ನಲ್ಲಿಯ ತುದಿಯಲ್ಲಿ ಹನಿ ದಪ್ಪವಾಗುವುದನ್ನು ಕಾಯುವವನು. ಎಂಥ ಮುಖ ಅದು! ನಾನು ಫೋಟೋ ತೆಗೆಯುವುದರಲ್ಲಿ ಪಳಗಿದೆ ಎಂದುಕೊಂಡೆ. ಹೆಜ್ಜೆ ಸಪ್ಪಳವಾಗದ ಹಾಗೆ ನಡೆಯುವುದನ್ನು ಕಲಿತಿದ್ದೇನೆ, ಅದಕ್ಕೇ ಮಗುವಿಗೆ ನಾನಿರುವುದು ತಿಳಿಯುವುದಿಲ್ಲ ಎಂದು ಕಚೇರಿಯಲ್ಲಿ ಜಂಬ ಕೊಚ್ಚಿಕೊಂಡದ್ದೂ ಉಂಟು.

ಚಿರುವಿಗೆ ಇನ್ನೂ ಮಾತು ಬಂದಿರಲಿಲ್ಲ. ಅದು ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಗಾಬರಿಯಿರಲಿಲ್ಲ. "ನಮ್ ಮಾದೇವ್ನೂ ನಾಕು ವರ್ಸಕ್ಕೇ ಬಾಯಿ ಬುಟ್ಟಿದ್ದು ಕಣವ್ವ. ಈಗ ನೋಡು, ಮೇಷ್ಟ್ರಾಗವ್ನೆ. ಬಾಯಿ ಮುಚ್ಚು ಅಂದ್ರೂ ಮುಚ್ಚಾಕಿಲ್ಲ" ಎಂದು ಅವ್ವ ಬಂದವರಿಗೆಲ್ಲ ಹೇಳುತ್ತಿದ್ದಳು. ನಾಲಗೆಗೆ ಬಜೆ ತೇಯ್ದು ಹಚ್ಚಿದಳು. ಗಿಣಿ ಕಚ್ಚಿದ ಹಣ್ಣು ತಿನ್ನಿಸಿದರೆ ಮಾತು ಬರುತ್ತದೆಂದು ಪರಿಚಯದವರ ತೋಟದಿಂದ ಗಿಣಿ ಕುಕ್ಕಿ ಉಳಿಸಿದ ಸೀಬೆಹಣ್ಣು ತಂದು ಕೊಟ್ಟಳು. ಚಿರು ಅದನ್ನು ತಿನ್ನುವ ಹನ್ನೆರಡು ಫೋಟೋಗಳು ನನ್ನ ಬಳಿ ಇವೆ. ಗಲ್ಲದ ಮೇಲೆ ಬೀಜ ಅಂಟಿದೆ, ಕಣ್ಣು ಹಣ್ಣಿನ ಒಳಗೆ ಇದೆ. ಆ ಸಾಲಿನಲ್ಲಿ ಒಂದೂ ಕೆಟ್ಟಿಲ್ಲ.

ಸವಿತಾ ಮಾತ್ರ ಸುಮ್ಮನಿರಲಿಲ್ಲ. ಶ್ರಾವಣದ ಒಂದು ಬೆಳಿಗ್ಗೆ, ನಾನು ಮನೆಯಲ್ಲೇ ಇದ್ದೆ, ಅವಳು ಅಡುಗೆಮನೆಯಿಂದ ಒಂದು ಸ್ಟೀಲ್ ತಟ್ಟೆ ಮತ್ತು ಸೌಟು ಹಿಡಿದು ಬಂದಳು. ಚಿರು ನಡುಮನೆಯಲ್ಲಿ ಬೆನ್ನು ಮಾಡಿ ಕೂತಿದ್ದ.

"ಅಕ್ಕ, ಇಲ್ನೋಡಿ. ಇವ್ನಿಗೆ ಕಿವಿ ಕೇಳುಸ್ತದೋ ಇಲ್ವೋ ಅಂತ ನಂಗೆ ಅನುಮಾನ" ಎಂದು ಅವನ ಹಿಂದೆ ತಟ್ಟೆ ಬಾರಿಸಿದಳು. ಅವನು ತಿರುಗಲಿಲ್ಲ. ಇನ್ನೊಮ್ಮೆ ಬಾರಿಸಲು ಹೋಗಿ ತಟ್ಟೆ ಕೈಜಾರಿ ನೆಲಕ್ಕೆ ಬಿತ್ತು. ಚಿರು ತಿರುಗಿದ.

"ತಿರುಗ್ದ ನೋಡು" ಎಂದೆ ನಾನು. "ಕೇಳಿಸದೆ ಇದ್ರೆ ತಿರುಗ್ತಿದ್ನಾ?"

"ಅದು ನೆಲ ಅದುರಿದ್ದಕ್ಕೆ ಅಕ್ಕ."

"ನೀನೇನು ಡಾಕ್ಟ್ರಾ?"

ಅವಳು ಮೈಸೂರಿಗೆ ಕರೆದುಕೊಂಡು ಹೋಗಿ ತೋರಿಸಬೇಕು ಎಂದಳು. ಸಂಜೆ ಮಹದೇವ ಬಂದ ಮೇಲೆ ಅದೇ ಮಾತು ಮತ್ತೆ ಎದ್ದಿತು. ಅವನು ನನ್ನ ಮುಖ ನೋಡಿದ. ಆ ಮನೆಯಲ್ಲಿ ಇಂಥದ್ದಕ್ಕೆಲ್ಲ ನನ್ನ ಮುಖ ನೋಡುವ ರೂಢಿಯಿತ್ತು, ನಾನು ದೊಡ್ಡವಳು, ಹೊರಗೆ ಓಡಾಡಿದವಳು. ನಾನು ಕ್ಯಾಮೆರಾ ತಂದು ಆ ಪುಟ್ಟ ಪರದೆಯಲ್ಲಿ ಒಂದೊಂದೇ ಫೋಟೋ ಸರಿಸಿ ತೋರಿಸಿದೆ. ಇರುವೆ, ನಲ್ಲಿ, ಸೀಬೆಹಣ್ಣು. "ಇಷ್ಟು ಏಕಾಗ್ರತೆ ಇರೋ ಮಗುವಿಗೆ ಏನು ಕೊರತೆ? ನಿನ್ನ ಸ್ಕೂಲಲ್ಲಿ ಇಂಥದ್ದೊಂದು ಮಗು ತೋರ್ಸು ನೋಡೋಣ. ಅವನಿಗೆ ಮಾತಾಡೋ ಅಗತ್ಯ ಇನ್ನೂ ಬಂದಿಲ್ಲ, ಅಷ್ಟೆ. ಸಂಕ್ರಾಂತಿ ಕಳೀಲಿ, ಆಮೇಲೆ ನೋಡೋಣ" ಎಂದೆ. ಮಹದೇವನಿಗೆ ನಿರಾಳವಾಯಿತು. ಸವಿತಾ ತಟ್ಟೆಗೆ ಅನ್ನ ಬಡಿಸಿಕೊಂಡು ಹೋಗಿ ಅಡುಗೆಮನೆಯಲ್ಲಿ ಕೂತು ಉಂಡಳು. ಆ ಮೇಲೆ ನನ್ನೆದುರಿಗೆ ಆ ವಿಷಯ ಎತ್ತಲಿಲ್ಲ. ಅವಳ ಬಾಯಿ ಮುಚ್ಚಿಸಿದ್ದು ನನ್ನ ಫೋಟೋಗಳು. ಇದನ್ನು ನಾನು ಬೇರೆ ರೀತಿಯಲ್ಲಿ ಹೇಳಲು ಹಲವು ಸಲ ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ.

ದಸರೆ ಕಳೆದು ಕಬ್ಬಿನ ಟ್ರ್ಯಾಕ್ಟರುಗಳ ಓಡಾಟ ಜೋರಾಯಿತು. ನಮ್ಮ ಬೀದಿಯ ತುದಿಯಲ್ಲಿ ಅವು ಹಾಡು ಹಾಕಿಕೊಂಡು ಸಾಲುಸಾಲಾಗಿ ಹೋಗುತ್ತಿದ್ದವು. ಒಂದು ಭಾನುವಾರ ಮನೆಯ ಮುಂದೆ ಅವ್ವ ಮೊರದಲ್ಲಿ ರಾಗಿ ಕೇರುತ್ತಿದ್ದಳು, ಸ್ಫೂರ್ತಿ ಪಕ್ಕದಲ್ಲಿ ಆಡುತ್ತಿದ್ದಳು, ಚಿರು ಕುಕ್ಕರುಗಾಲಲ್ಲಿ ಕೂತು ಒಂದು ಕಬ್ಬಿನ ಗರಿಯನ್ನು ಸೀಳುತ್ತಿದ್ದ. ನಾನು ಅವನ ಫೋಟೋ ತೆಗೆಯುತ್ತಿದ್ದೆ. ಅಷ್ಟರಲ್ಲಿ ಮೂರು ಮನೆಯಾಚೆ ತುಂಬಿದ ಟ್ರ್ಯಾಕ್ಟರಿನ ಟೈರು ಸಿಡಿಯಿತು. ನನ್ನ ಬೆರಳು ಗುಂಡಿಯ ಮೇಲೇ ಉಳಿದುಬಿಟ್ಟಿತ್ತು. ಆಮೇಲೆ ನೋಡಿದರೆ ನಾಲ್ಕು ಫೋಟೋ ಬಿದ್ದಿವೆ. ಅವ್ವನ ಮೊರ ಗಾಳಿಯಲ್ಲಿದೆ, ರಾಗಿ ಹಾರಿದೆ. ಸ್ಫೂರ್ತಿ ಎರಡು ಕಿವಿ ಮುಚ್ಚಿಕೊಂಡು ಬಾಯಿ ತೆರೆದಿದ್ದಾಳೆ. ತಂತಿಯ ಮೇಲಿನ ಕಾಗೆಗಳು ಎದ್ದಿವೆ. ನಡುವೆ ಚಿರು ಗರಿಯ ಸೀಳನ್ನು ತುದಿಯವರೆಗೂ ನೆಟ್ಟಗೆ ಒಯ್ಯುತ್ತಿದ್ದಾನೆ.

"ಅಬ್ಬಬ್ಬ, ಏನ್ ಧೈರ್ಯಲಾ ನಿಂದು! ಅಜ್ಜಿ ಎದೆ ಒಡ್ದೋಯ್ತು, ಇವ್ನು ನೋಡು ಎಂಗೆ ಕುಂತವ್ನೆ ಗೂಳಿ ಇದ್ದಂಗೆ" ಎಂದು ಅವ್ವ ಅವನಿಗೆ ನೆಟಿಗೆ ಮುರಿದಳು. ನಾನು ಮೂರನೆಯದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ ನಡುಮನೆಯಲ್ಲಿ ತೂಗುಹಾಕಿದೆ. ಬಂದವರೆಲ್ಲ ನಿಂತು ನೋಡುತ್ತಿದ್ದರು. ಸವಿತಾ ದಿನಾ ಅದರ ಕೆಳಗೆ ಕಸ ಗುಡಿಸುತ್ತಿದ್ದಳು. ನಾಲ್ಕು ತಿಂಗಳು ಆ ಫೋಟೋ ಅಲ್ಲಿತ್ತು. ಓದಲು ಬರುವವರಿಗೆ ಅದರಲ್ಲಿ ಎಲ್ಲ ಬರೆದಿತ್ತು.

ಸಂಕ್ರಾಂತಿ ಬಂತು, ಹೋಯಿತು. ನಾನು ಕೊಟ್ಟ ಗಡುವು ನನಗೇ ಮರೆತಿತ್ತು. ಶಿವರಾತ್ರಿ ಕಳೆದು ಬಿಸಿಲು ಏರಿದಾಗ ಕ್ಯಾಮೆರಾದ ಸದ್ದು ಇನ್ನೂ ಜಾಸ್ತಿಯಾದಂತೆ ಅನ್ನಿಸಿತು. ಸ್ಫೂರ್ತಿಯಂತೂ ಆಚೆ ಕೋಣೆಯಿಂದಲೇ 'ಅತ್ತೆ, ನಂದಾ?' ಎನ್ನುತ್ತಿದ್ದಳು. ಒಂದು ಶನಿವಾರ ಕಚೇರಿಯಿಂದ ಬರುತ್ತ ಮದ್ದೂರಿನಲ್ಲಿ ಇಳಿದು ಕ್ಯಾಮೆರಾವನ್ನು ರಿಯಾಜ್ ಸಾಹೇಬರ ಮುಂದಿಟ್ಟೆ.

ಅವರು ಕ್ಯಾಮೆರಾವನ್ನು ಮೊದಲು ಕಣ್ಣಿಗೆ ಹಿಡಿಯುವವರಲ್ಲ, ಕಿವಿಗೆ ಹಿಡಿಯುವವರು. ಕಿವಿಯ ಪಕ್ಕ ಇಟ್ಟುಕೊಂಡು ಕಣ್ಣು ಮುಚ್ಚಿ ಐದಾರು ಸಲ ಒತ್ತುತ್ತಿದ್ದರು. ಒಳಗೆ ಯಾವ ಹಲ್ಲು ಸವೆದಿದೆ, ಯಾವ ಸ್ಪ್ರಿಂಗು ಸಡಿಲ ಎಂದು ಅದರಲ್ಲೇ ಹೇಳಿಬಿಡುತ್ತಿದ್ದರು. ಅವತ್ತು ಒಂದೇ ಸಲ ಒತ್ತಿ ಕಿವಿಯಿಂದ ದೂರ ತೆಗೆದರು.

"ಏನಕ್ಕಾವ್ರೆ ಇದು, ಪಟಾಕಿ ಒಡ್ದಂಗೆ ಒಡೀತದೆ! ಒಳ್ಗಡೆ ಸ್ಪಂಜು ಪೂರಾ ಕಿತ್ತೋಗದೆ. ಕನ್ನಡಿ ಓಗಿ ಓಗಿ ಬಡೀತದೆ. ಇದು ಇವತ್ತಿಂದಲ್ಲ, ಎಷ್ಟೋ ತಿಂಗ್ಳಿಂದು."

"ಅದಕ್ಕೇ ತಂದೆ. ದೊಡ್ಡವಳು ಪ್ರತಿ ಸಲ ತಿರುಗಿಬಿಡ್ತಾಳೆ. ಚಿಕ್ಕವನದೇನೂ ತೊಂದರೆಯಿಲ್ಲ, ಅವನು ತಿರುಗೋದೇ ಇಲ್ಲ" ಎಂದು, ನನಗೆ ಈಗಲೂ ನೆನಪಿದೆ, ಹೆಮ್ಮೆಯಿಂದಲೇ ಹೇಳಿದೆ. ಪರದೆಯಲ್ಲಿ ಫೋಟೋಗಳನ್ನೂ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದು ನೋಡಿದರು. ಒಂದು, ಎರಡು, ಇಪ್ಪತ್ತು. ಮೊದಮೊದಲು 'ವಾಹ್' ಎನ್ನುತ್ತಿದ್ದರು, ಆಮೇಲೆ ಹಿಂದಕ್ಕೆ ಸರಿಸಿ ಮೊದಲಿನಿಂದ ಮತ್ತೆ ನೋಡಿದರು.

"ಎಷ್ಟು ದೂರದಿಂದ ತಗ್ದಿದ್ದು?"

"ಎರಡಡಿ, ಮೂರಡಿ."

"ಒಂದ್ಸಲಾನೂ ತಿರುಗ್ಲಿಲ್ವಾ?"

"ಇಲ್ಲ."

ಅವರು ಕ್ಯಾಮೆರಾವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ನನ್ನ ಕಡೆ ತಳ್ಳಿದರು. "ಇವತ್ತು ರಿಪೇರಿ ಬ್ಯಾಡ ಅಕ್ಕಾವ್ರೆ. ಇಂಗೇ ತಗೊಂಡೋಗಿ. ಮಗು ಮಲ್ಗಿರೋವಾಗ ಕಿವಿ ಪಕ್ಕದಲ್ಲಿಟ್ಟು ಒಂದ್ಸಲ ಒತ್ತಿ ನೋಡಿ. ನನ್ ಮಾತು ಸುಳ್ಳಾಗ್ಲಿ ಅಂತ ಅಲ್ಲಾಹ್‌ನ ಕೇಳ್ಕೊತೀನಿ."

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಮಂಡ್ಯ ಬರುವವರೆಗೂ ನಾನು ಅವರ ಮೇಲೆ ಸಿಟ್ಟು ಮಾಡಿಕೊಂಡೇ ಕೂತಿದ್ದೆ. ಕ್ಯಾಮೆರಾ ರಿಪೇರಿಯವನಿಗೆ ಮಕ್ಕಳ ವಿಷಯ ಯಾಕೆ, ಅಂತೆಲ್ಲ.

ಮಲಗಿರುವ ಮಗುವಿನ ಫೋಟೋ ತೆಗೆಯಬಾರದು ಎಂದು ನಮ್ಮಲ್ಲಿ ಕಟ್ಟುನಿಟ್ಟು. ಆಯುಸ್ಸು ಕಡಿಮೆಯಾಗುತ್ತದೆ ಎನ್ನುತ್ತಾರೆ. ನಾನು ನಂಬುವವಳಲ್ಲ, ಆದರೆ ಅವ್ವನ ಬಾಯಿಗೆ ಹೆದರಿ ಅದೊಂದನ್ನು ಬಿಟ್ಟಿದ್ದೆ. ಮಾರನೆಯ ದಿನ ಭಾನುವಾರ ಮಧ್ಯಾಹ್ನ ಅವ್ವ ಪಕ್ಕದ ಮನೆಗೆ ಹೋದ ಹೊತ್ತು ನೋಡಿ ಒಳಗೆ ಹೋದೆ. ಎರಡೂ ಮಕ್ಕಳು ಚಾಪೆಯ ಮೇಲೆ ಮಲಗಿದ್ದವು. ಮಂಡಿಯೂರಿ ಕೂತು, ಲೆನ್ಸಿಗೆ ಮುಚ್ಚಳ ಹಾಕಿ, ಚಿರುವಿನ ಕಿವಿಯಿಂದ ಒಂದು ಗೇಣು ದೂರದಲ್ಲಿ ಹಿಡಿದು ಒತ್ತಿದೆ. ಸ್ಫೂರ್ತಿ ಬೆಚ್ಚಿ ಎದ್ದು ಕೂತಳು. ಚಿರು ಮಲಗಿದ್ದ. ಮತ್ತೆ ಒತ್ತಿದೆ. ಆ ಕಿವಿ, ಈ ಕಿವಿ. ಅವನ ಹೊಟ್ಟೆ ಏರುತ್ತಿತ್ತು, ಇಳಿಯುತ್ತಿತ್ತು, ಅದರ ಲಯ ಒಂದು ಸಲವೂ ತಪ್ಪಲಿಲ್ಲ. "ಅತ್ತೆ, ಅವ್ನಿಗೆ ಕೇಳ್ಸಲ್ಲ" ಎಂದಳು ಸ್ಫೂರ್ತಿ, ಕಣ್ಣುಜ್ಜಿಕೊಳ್ಳುತ್ತ, ಅದು ಎಲ್ಲರಿಗೂ ಗೊತ್ತಿರುವ ಸಂಗತಿ ಎಂಬಂತೆ.

ತಲೆಯೆತ್ತಿದರೆ ಬಾಗಿಲಲ್ಲಿ ಸವಿತಾ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಎಷ್ಟು ಸಲ ಒತ್ತಿದ್ರಿ ಅಕ್ಕ?"

"ಹನ್ನೊಂದು."

"ನಾನು ತಟ್ಟೆ ಬಾರಿಸ್ದಾಗ ಒಂದ್ಸಲಕ್ಕೇ ನಿಲ್ಲಿಸ್ಬುಟ್ರಿ" ಎಂದಳು. ಕೂಗಾಡಲಿಲ್ಲ. ಅಳಲೂ ಇಲ್ಲ. ಒಳಗೆ ಬಂದು ಮಗುವಿನ ಮೇಲಿಂದ ಜಾರಿದ್ದ ಹೊದಿಕೆ ಎಳೆದು, ನಾಳೆ ಮೊದಲ ರೈಲಿಗೆ ಮೈಸೂರಿಗೆ ಹೋಗುವುದಾಗಿ ಹೇಳಿದಳು. ನನಗೆ ನಾಚಿಕೆಯಾಯಿತು. ನೆಲ ಬಿರಿಯಬಾರದೇ ಎಂದೆಲ್ಲ ಹೇಳುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಕೂತಲ್ಲೇ ಪಟ್ಟಿ ಸುತ್ತಿ ಕ್ಯಾಮೆರಾವನ್ನು ಚೀಲಕ್ಕೆ ಹಾಕಿದೆ. ಸಂಜೆ ಗೋಡೆಯ ಮೇಲಿನ ಫೋಟೋ ಇಳಿಸಿ ಬೀರುವಿನ ಹಿಂದೆ ಇಟ್ಟೆ.

ಮೈಸೂರಿನ ಆಸ್ಪತ್ರೆಗೆ ನಾಲ್ಕು ಸಲ ಹೋಗಿ ಬಂದರು. ಮೊದಲ ಸಲ ನಾನೂ ಹೋಗಿದ್ದೆ. ದಪ್ಪ ಬಾಗಿಲಿನ ಒಂದು ಕೋಣೆಯಲ್ಲಿ ಕೂರಿಸಿ, ತಲೆಗೆ ತಂತಿ ಅಂಟಿಸಿ ಪರೀಕ್ಷೆ ಮಾಡಿದರು. ಎರಡೂ ಕಿವಿಯಲ್ಲಿ ತುಂಬ ಕಡಿಮೆ, ಎಡಕ್ಕೆ ಅಲ್ಪಸ್ವಲ್ಪ ಉಳಿದಿದೆ ಎಂದರು. ಡಾಕ್ಟರಮ್ಮ ಒಳ್ಳೆಯವರು, ಆದರೆ ಮಾತು ತೂಗಿ ಆಡುವವರಲ್ಲ. "ಮಾತು ಕಲಿಯೋ ವಯಸ್ಸು ಓಡ್ತಾ ಇರುತ್ತೆ. ಒಂದು ವರ್ಷ ಮೊದಲು ಬಂದಿದ್ರೆ ಕೆಲಸ ಸುಲಭ ಇತ್ತು. ಈಗ ಮಾತು ಬಂದೇ ಬರುತ್ತೆ ಅಂತ ನಾನು ಹೇಳಲ್ಲ. ಬರಲ್ಲ ಅಂತಲೂ ಹೇಳಲ್ಲ. ಮನೇಲಿ ನೀವು ಎಷ್ಟು ಮಾತಾಡಿಸ್ತೀರೋ ಅದರ ಮೇಲಿದೆ" ಎಂದರು. ಯಾಕೆ ತಡವಾಯಿತು ಎಂದು ಕೇಳಿದರು. ಮಹದೇವ ನೆಲ ನೋಡಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಸವಿತಾ, "ಗೊತ್ತಾಗ್ಲಿಲ್ಲ ಮೇಡಂ" ಎಂದಳು. ಆ ಸುಳ್ಳನ್ನು ಅವಳು ಯಾರಿಗಾಗಿ ಹೇಳಿದಳೋ, ನಾನು ಕೇಳಿಲ್ಲ.

ಎರಡೂ ಕಿವಿಯ ಹಿಂದೆ ಯಂತ್ರ ಬಂತು. ಅದು ಬಿದ್ದುಹೋಗದಂತೆ ದಾರ ಕಟ್ಟಿ ಅಂಗಿಗೆ ಪಿನ್ನು ಹಾಕುತ್ತಿದ್ದರು. ಮೊದಲ ವಾರವೆಲ್ಲ ಕಿತ್ತು ಎಸೆದ. ಕುಕ್ಕರ್ ಕೂಗಿದರೆ ಹೆದರಿ ಅತ್ತ. ಅವ್ವ, "ಯಾಕವ್ವ ಕೂಸಿಗೆ ಈ ಇಂಸೆ" ಎಂದು ಎರಡು ದಿನ ಗೊಣಗಿದಳು. ಮೂರನೇ ದಿನ ಅವಳೇ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಬೆಳಗಿನಿಂದ ಸಂಜೆವರೆಗೂ ಮಾತಾಡತೊಡಗಿದಳು. ಸವಿತಾ ದಿನಕ್ಕೆ ಮೂರು ಹೊತ್ತು ಪಾಠ ಮಾಡಿಸುತ್ತಿದ್ದಳು. ಅದಕ್ಕೆ ಮನೆಯವರ ಫೋಟೋ ಕಾರ್ಡುಗಳು ಬೇಕು, ಮುಖ ನೆಟ್ಟಗಿರಬೇಕು, ಬಾಯಿ ಸರಿಯಾಗಿ ಕಾಣಬೇಕು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನನ್ನ ಕಂಪ್ಯೂಟರಿನಲ್ಲಿ ಮೂರು ಸಾವಿರ ಫೋಟೋಗಳಿದ್ದವು. ಅವ್ವನ ಬೆನ್ನು, ಮಹದೇವನ ಬಾಗಿದ ತಲೆ, ಸವಿತಾಳ ಒಂದು ಪಕ್ಕದ ಕೆನ್ನೆ. ಕಾರ್ಡಿಗೆ ಆಗುವಂಥದ್ದು ಸ್ಫೂರ್ತಿಯದು ಮಾತ್ರ. ನನ್ನದು ಒಂದೂ ಇರಲಿಲ್ಲ.

ಸವಿತಾ ತನ್ನ ಮೊಬೈಲಿನಲ್ಲಿ ಎಲ್ಲರನ್ನೂ ಗೋಡೆಗೆ ನಿಲ್ಲಿಸಿ ತೆಗೆದಳು. "ನೆಟ್ಟಗೆ ನೋಡಿ ಅಕ್ಕ. ತಲೆ ಎತ್ತಿ. ಇನ್ನೊಂಚೂರು" ಎಂದಳು. ನಿಂತೆ.

ಯುಗಾದಿ ಕಳೆದು ತಿಂಗಳಾದ ಒಂದು ಭಾನುವಾರ ಸವಿತಾ ಚಾಪೆ ಹಾಸಿ ಕಾರ್ಡುಗಳನ್ನು ಹಿಡಿದು ಕೂತಳು. ನಾನು ಬಾಗಿಲ ಹತ್ತಿರ ಕುರ್ಚಿಯಲ್ಲಿದ್ದೆ. ತನ್ನದೇ ಕಾರ್ಡು ತೋರಿಸಿ 'ಅಮ್ಮ' ಎಂದಳು. ಚಿರು ಅವಳ ತುಟಿ ನೋಡಿ, ತುಟಿ ಅಂಟಿಸಿ 'ಮ್ಮ' ಎಂದ. ಸ್ಫೂರ್ತಿಯ ಕಾರ್ಡಿಗೆ ಎರಡು ಕೈಯಲ್ಲೂ ಎರಡು ಜಡೆ ಎಳೆದು ತೋರಿಸಿದ. ಆಮೇಲೆ ನನ್ನ ಕಾರ್ಡು. ಅವನು ಅದನ್ನು ನೋಡಿದ, ಬಾಗಿಲ ಕಡೆ ನನ್ನನ್ನು ನೋಡಿದ. ಒಂದು ಕಣ್ಣು ಮುಚ್ಚಿ, ಮುಷ್ಟಿಯನ್ನು ಇನ್ನೊಂದು ಕಣ್ಣಿಗೆ ಹಿಡಿದು, ತೋರುಬೆರಳನ್ನು ಗಾಳಿಯಲ್ಲಿ ಒತ್ತಿದ.

ನಾನು ನಕ್ಕೆ. ಸವಿತಾ ನಗಲಿಲ್ಲ.

"ಅದು ನಿಮ್ಮೆಸ್ರು ಅಕ್ಕ. ನಮ್ಗೆಲ್ಲ ಒಂದೊಂದು ಎಸ್ರು ಇಟ್ಕೊಂಡವ್ನೆ. ದಿನಾ ನೀವು ಬಸ್ಸಿಗೆ ಓದ್ಮೇಲೆ ಬಾಗ್ಲತ್ರ ಬಂದು ಇಂಗೇ ಮಾಡ್ತಾನೆ, ಎಲ್ಲಿ ಅಂತ ಕೇಳ್ತಾನೆ. ಸಂಜೆ ಬತ್ತಾರೆ ಅಂತ ನಾನು ಕೈ ತೋರಿಸ್ಬೇಕು. ಆಗ್ಲೇ ಒಳಕ್ಕೆ ಬರದು."

"ಯಾವಾಗಿಂದ?"

"ನೀವು ಕ್ಯಾಮೆರಾ ತಂದ ಮಳೆಗಾಲದಿಂದ."

ಒಂದು ವರ್ಷ ನಾನು ಅವನಿಗೆ ಕಾಣದ ಹಾಗೆ ಇದ್ದೇನೆ ಎಂದುಕೊಂಡಿದ್ದೆ. ಅವನು ನನ್ನನ್ನು ನೋಡಿಯೇ ಇದ್ದ. ನೋಡಿ, ಹೆಸರಿಟ್ಟು, ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕೇಳಿದ್ದ. ಕೇಳಿಸದೆ ಇದ್ದದ್ದು ನನಗೆ.

"ನೀವೇ ಬಂದು ಏಳ್ಕೊಡಿ ಅಕ್ಕ. ನಿಮ್ ಬಾಯಲ್ಲಿ ನೋಡ್ಲಿ" ಎಂದಳು ಸವಿತಾ, ಪಕ್ಕಕ್ಕೆ ಸರಿದು ಚಾಪೆಯಲ್ಲಿ ಜಾಗ ಮಾಡುತ್ತ.

ಎದ್ದು ಹೋಗಿ ಅವನೆದುರು ಕೂತೆ. 'ಅತ್ತೆ' ಎಂದೆ. ಬಾಯಿ ಅಗಲಿಸಿ ಇನ್ನೊಂದು ಸಲ ಹೇಳಿದೆ. ಆ ಶಬ್ದ ಅವನ ಬಾಯಿಂದ ಬರಲು ಆಮೇಲೆ ಏಳು ತಿಂಗಳು ಬೇಕಾಯಿತು. ಅವತ್ತು ಅವನು ನನ್ನ ತುಟಿಯನ್ನೇ ನೋಡಿದ. ಕೈ ಚಾಚಿ ನನ್ನ ಹುಬ್ಬು ಮುಟ್ಟಿದ, ಮೂಗು ಮುಟ್ಟಿದ, ಬಾಯಿಯ ಮೇಲೆ ಬೆರಳಿಟ್ಟ. ಕಪ್ಪು ಡಬ್ಬಿ ಅಡ್ಡವಿಲ್ಲದ ನನ್ನ ಮುಖವನ್ನು ಅವನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.